ನೆಂಚಾ ಮರೆತ ಮುಖ

ನನ್ನ ತಮ್ಮನ ಹೆಂಡತಿ ನೆಂಚಾ ದಿನಕ್ಕೆ ಎರಡು ಸಲ ಒಂದು ಕಿಟಕಿಗೆ ತಲೆ ಬಾಗುತ್ತಿದ್ದಳು. ಅದು ನಮ್ಮ ಕಿಟಕಿಯಲ್ಲ, ನಮ್ಮ ಕೇರಿಯದೂ ಅಲ್ಲ. ಆರ್ನೋ ಹೊಳೆಯ ಆಚೆ ದಡದಲ್ಲಿ ಕೋರ್ಬೆಲ್ಲಿ ಎಂಬ ಉಣ್ಣೆ ಸಾಹುಕಾರರ ದೊಡ್ಡ ಮನೆಯಿದೆಯಲ್ಲ, ಅದರ ಎರಡನೇ ಅಂತಸ್ತಿನಲ್ಲಿ ಬೀದಿಗೆ ಮುಖ ಮಾಡಿದ ಕಿಟಕಿ. ಬೆಳಗ್ಗೆ ಸನ್ಯಾಸಿನಿಯರ ಮಠಕ್ಕೆ ಕಸೂತಿ ಕೆಲಸಕ್ಕೆ ಹೋಗುವಾಗ ಒಮ್ಮೆ, ಸಂಜೆ ಸೇತುವೆ ದಾಟಿ ಮನೆಗೆ ಬರುವ ಮೊದಲು ಒಮ್ಮೆ. ನಾನು ಜೊತೆಗಿದ್ದರೆ ನಾಚಿಕೆಯಾಗಿ ಆಚೆ ತಿರುಗಿ ನಿಲ್ಲುತ್ತಿದ್ದೆ.

“ಯಾರಿಗೇ ಈ ನಮಸ್ಕಾರ? ಅಲ್ಲಿ ಕೂತಿರೋ ಪಾರಿವಾಳಕ್ಕಾ?” ಎಂದು ಕೇಳಿದರೆ, “ನಿಮ್ಮ ತಮ್ಮಂಗೆ ಅತ್ತಿಗೆ. ಒಳಗೆ ಮಲಗಿದಾರಲ್ಲ” ಎನ್ನುತ್ತಿದ್ದಳು.

ತಮಾಷೆಗೆ ಹೇಳಿದ ಮಾತಲ್ಲ ಅದು. ಆ ಕೋಣೆಯ ಗೋಡೆಯಲ್ಲಿ ಒಂದು ಚಿತ್ರ ಕೂರಿಸಿದ್ದರು, ಆ ಚಿತ್ರದಲ್ಲಿ ನನ್ನ ತಮ್ಮ ನೋಫ್ರಿ ನಿದ್ದೆ ಮಾಡುತ್ತಿದ್ದ. ರಕ್ತಮಾಂಸದ ನೋಫ್ರಿ ಯುದ್ಧಕ್ಕೆ ಹೋಗಿ ಆರು ವರ್ಷವಾಗಿತ್ತು. ಸತ್ತ ಎಂದು ಹೇಳಿದವರಿಲ್ಲ, ಬದುಕಿದ್ದಾನೆ ಎಂದು ಹೇಳಿದವರೂ ಇಲ್ಲ.

ನೆಂಚಾ ನಮ್ಮ ಮನೆಗೆ ಬಂದಾಗ ಅವಳಿಗೆ ಹದಿನೇಳು. ಒಂದು ಗಂಜಿ ಕಾಯಿಸಲೂ ಬರುತ್ತಿರಲಿಲ್ಲ. ಚೆಸ್ಟ್‌ನಟ್ ಹಿಟ್ಟಿನ ರೊಟ್ಟಿ ಮಾಡು ಎಂದರೆ ಚಪ್ಪಲಿಗೆ ಅಟ್ಟೆಯಾಗಿ ಹೊಲಿಯುವ ಹಾಗೆ ಮಾಡಿಡುತ್ತಿದ್ದಳು. ನಾನು ಬೈಯುತ್ತಿದ್ದೆ, ಅವ್ವ ಬೈಯುತ್ತಿದ್ದಳು, ಇವಳು ಎರಡೂ ಕಿವಿಯಿಂದ ಕೇಳಿಸಿಕೊಂಡು ಮತ್ತೆ ಮರುದಿನ ಅದೇ ರೊಟ್ಟಿ. ಆದರೆ ಕೈಗೆ ಸೂಜಿ ಕೊಟ್ಟರೆ ಬೇರೆಯೇ ಹೆಂಗಸಾಗಿಬಿಡುತ್ತಿದ್ದಳು. ಪಾದ್ರಿಗಳ ನಿಲುವಂಗಿಗೆ ಅವಳು ಹಾಕಿದ ಬಳ್ಳಿಯನ್ನು ನೋಡಿ ಬೇರೆ ಕಸೂತಿಯವರು ಹೊಟ್ಟೆ ಉರಿದುಕೊಂಡಿದ್ದು ನನಗೆ ಗೊತ್ತು.

ಕಸೂತಿಗೆ ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಆಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ಚುಚ್ಚಿ ತೂತು ಮಾಡಬೇಕು. ಆ ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಕೆಳಗೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಇಳಿಯುತ್ತದೆ. ಹಲಗೆಯ ಮೇಲೆ ಬಣ್ಣದ ಚಿತ್ರ ಬರೆಯುವವರದೂ ಇದೇ ಪದ್ಧತಿ. ನಮ್ಮ ಬೀದಿಯ ಕೊನೆಯಲ್ಲಿ ಜನೋಬಿ ಎಂಬ ಚಿತ್ರದ ಮೇಸ್ತ್ರಿಯ ಕಾರ್ಖಾನೆಯಿತ್ತು. ಅವನು ನೆಂಚಾಳ ಕೈಯ ತೂತುಗಳನ್ನು ನೋಡಿದ ಮೇಲೆ ತನ್ನ ಆಳುಗಳಿಗೆ ಆ ಕೆಲಸ ಕೊಡುವುದನ್ನೇ ಬಿಟ್ಟ. ವಾರಕ್ಕೆ ಎರಡು ದಿನ ಇವಳು ಅಲ್ಲಿ ಕೂತು ಸಂತರ ಗಡ್ಡ, ದೇವದೂತರ ರೆಕ್ಕೆ ಎಲ್ಲವನ್ನೂ ಚುಚ್ಚುತ್ತಿದ್ದಳು.

ಕೋರ್ಬೆಲ್ಲಿಯವರ ಮಗ ವಿಯೇರಿಯ ಮದುವೆ ಗೊತ್ತಾದಾಗ, ನವದಂಪತಿಗಳ ಕೋಣೆಗೆ ಉದ್ದನೆಯ ಹಲಗೆಯ ಚಿತ್ರವೊಂದು ಬೇಕೆಂದು ಮೇಸ್ತ್ರಿಗೆ ಹೇಳಿಕಳಿಸಿದರು. ಪ್ರೇಮದ ದೇವತೆ ವೀನಸ್ ಎದ್ದು ಕೂತಿರಬೇಕಂತೆ, ಯುದ್ಧದ ದೇವರು ಮಾರ್ಸ್ ಅವಳೆದುರು ಈಟಿ ಗುರಾಣಿ ಎಲ್ಲ ಬಿಸಾಕಿ ನಿದ್ದೆಹೋಗಿರಬೇಕಂತೆ. ಆ ವೀನಸ್‌ಗೆ ಬೇರೆ ಗಂಡನಿದ್ದಾನೆ, ಅವನೊಬ್ಬ ಕಮ್ಮಾರ ಎಂದು ಮೇಸ್ತ್ರಿಯೇ ಹೇಳಿದ್ದು. ಹೊಸ ಮದುಮಗಳ ಕೋಣೆಗೆ ಎಂಥ ಕತೆ ನೋಡಿ! ಅದನ್ನೇ ನಮ್ಮ ಕೇರಿಯ ಹೆಂಗಸೊಬ್ಬಳು ಗೋಡೆಗೆ ತೂಗುಹಾಕಿಕೊಂಡಿದ್ದರೆ ಪಾದ್ರಿ ಮನೆ ಬಾಗಿಲಿಗೇ ಬರುತ್ತಿದ್ದ. ದೊಡ್ಡವರ ಮನೆಯಲ್ಲಿ ಎಲ್ಲವೂ ನಡೆಯುತ್ತದೆ, ಹೋಗಲಿ ಬಿಡಿ.

ಮೇಸ್ತ್ರಿಗೆ ಬೇಕಾದಂಥ ನಿದ್ದೆ ಯಾರಲ್ಲೂ ಸಿಗಲಿಲ್ಲ. ಕಟುಕನ ಅಂಗಡಿಯ ಗಟ್ಟಿ ಆಳೊಬ್ಬನನ್ನು ಮಲಗಿಸಿದ, ಅವನು ಹೊಟ್ಟೆ ಎಳೆದುಕೊಂಡು ಉಸಿರು ಬಿಗಿಹಿಡಿದು ಮಲಗಿದ. ಇನ್ನೊಬ್ಬನಿಗೆ ಕಣ್ಣು ಮುಚ್ಚಿದರೆ ನಗು ಬರುತ್ತಿತ್ತು. ಆ ಹೊತ್ತಿಗೆ ನನ್ನ ತಮ್ಮ ನೆಂಚಾಳಿಗೆ ಬ್ರೆಡ್ಡು, ಬೇಯಿಸಿದ ಬೋಟಿ ತಗೊಂಡು ಹೋದ. ಬೆಳಕು ಹರಿಯುವ ಮುಂಚೆ ಎದ್ದು ಮಧ್ಯಾಹ್ನದವರೆಗೆ ಉಣ್ಣೆ ಬಾಚಿ ಬಂದವನು. ಇವಳ ಕೆಲಸ ಮುಗಿಯಲಿ ಎಂದು ಮೂಲೆಯಲ್ಲಿದ್ದ ಗೋಣಿಚೀಲಗಳ ಮೇಲೆ ಒರಗಿದ್ದೇ ಒರಗಿದ್ದು, ನಿದ್ದೆ ಅವನನ್ನು ಎತ್ತಿಕೊಂಡು ಹೋಯಿತು. ಬಾಯಿ ತೆರೆದಿತ್ತು, ಒಂದು ಕೈ ನೆಲಕ್ಕೆ ಜೋತಿತ್ತು, ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು. ಹುಟ್ಟಿದಾಗಿಂದ ಅವನು ಮಲಗುವುದೇ ಹಾಗೆ. ಮೇಸ್ತ್ರಿ ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ, ಮೆಲ್ಲಗೆ ಕಾಗದ ಎಳೆದುಕೊಂಡ.

ಮೂರು ದಿನ ನೋಫ್ರಿಗೆ ಮಲಗುವುದಕ್ಕೆ ಕೂಲಿ ಸಿಕ್ಕಿತು. “ಇಪ್ಪತ್ನಾಲ್ಕು ವರ್ಷದಿಂದ ಬಿಟ್ಟಿ ಮಾಡ್ತಿದ್ದ ಕೆಲಸ, ಈಗ ಅದಕ್ಕೂ ದುಡ್ಡು ಕೊಡೋರು ಬಂದ್ರಲ್ಲಪ್ಪ!” ಎಂದು ಅವ್ವ ಎದೆ ಹಿಡಿದುಕೊಂಡು ನಕ್ಕಳು. ಚಿತ್ರ ಮುಗಿದ ಕಾಗದಗಳನ್ನು ಚುಚ್ಚಿದವಳು ನೆಂಚಾಳೇ. ಅವನ ಪಾದ, ಪಕ್ಕೆ, ಕುತ್ತಿಗೆ, ಮುಖ, ಎಲ್ಲವನ್ನೂ. ಮನೆಗೆ ಬಂದು ನನ್ನೆದುರು ಕೂತು ಹೇಳಿದಳು, “ತುಟಿ ಹತ್ರ ಬಂದಾಗ ಸೂಜಿ ಆಡ್ಲೇ ಇಲ್ಲ ಅತ್ತಿಗೆ. ನೋವಾಗತ್ತೇನೋ ಅನ್ನಿಸ್ತು.”

“ಕಾಗದಕ್ಕೆ ಎಂಥ ನೋವೇ, ಹುಚ್ಚಿ! ಹೋಗಿ ಒಲೆ ಹಚ್ಚು” ಎಂದೆ. ಆಗ ನನಗೆ ಇಬ್ಬರನ್ನೂ ಕಂಡರೆ ಹೊಟ್ಟೆಕಿಚ್ಚು. ನನ್ನ ಗಂಡ ಮದುವೆಯಾದ ಎರಡನೇ ವರ್ಷಕ್ಕೇ ತೀರಿಹೋಗಿದ್ದ, ನಾನು ತವರಿಗೆ ವಾಪಸು ಬಂದಿದ್ದೆ. ಈ ಮಾತನ್ನು ಈಗ ಹೇಳಿದರೆ ಯಾರೂ ನನ್ನನ್ನು ತಿನ್ನುವುದಿಲ್ಲ.

ಮರುವರ್ಷ ಪೋಪನ ಸೇನೆಯೂ ನೇಪಲ್ಸಿನ ರಾಜನ ಸೇನೆಯೂ ನಮ್ಮ ಮೇಲೆ ಏರಿ ಬಂದವು. ಉಣ್ಣೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಡಖಾನೆಯಲ್ಲಿ ನೋಫ್ರಿಗೆ ಆಗಲೇ ಅಡ್ಡಹೆಸರು ಬಿದ್ದಿತ್ತು. “ಏನ್ ಯುದ್ಧದೇವ್ರೇ, ವೈರಿ ಬಾಗಿಲಿಗೆ ಬಂದಿದಾನೆ, ಇನ್ನೂ ನಿದ್ದೇನಾ?” ಎಂದು ಛೇಡಿಸುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಮನುಷ್ಯನಿಗೆ ದಿನಾ ಒಂದೇ ಹೆಸರು ಹಿಡಿದು ಕರೆದರೆ ಎಲ್ಲೋ ಒಳಗೆ ಇಳಿಯುತ್ತದೆ. ಕೋಲ್ಲೆ ಊರಿನ ಕೋಟೆಗೆ ಕಂದಕ ತೋಡಲು ಆಳು ಬೇಕು ಎಂದು ಡಂಗುರ ಹೊಡೆದ ದಿನ ಹೋಗಿ ಹೆಸರು ಬರೆಸಿ ಬಂದ. ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ಗುದ್ದಲಿ.

“ಮಣ್ಣು ಅಗೆಯೋಕೆ ಹೋಗೋನಿಗೆ ಇಷ್ಟು ಜಂಬ ಯಾಕೋ?” ಎಂದು ನಾನು ಬೈದೆ.

“ಹೋಗ್ಲಿ ಬಿಡಕ್ಕಾ, ದ್ರಾಕ್ಷಿ ಕೊಯ್ಲಿಗೆ ಬಂದುಬಿಡ್ತೀನಿ” ಎಂದ. ಊರ ಹೆಬ್ಬಾಗಿಲಿನಲ್ಲಿ ನೆಂಚಾಳ ಕೈ ಹಿಡಿದು ಏನೋ ಹೇಳಿದ. ಏನು ಎಂದು ಅವಳು ನನಗೆ ಎಂದೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ದ್ರಾಕ್ಷಿ ಕೊಯ್ಲು ಮುಗಿಯಿತು. ನವೆಂಬರಿನಲ್ಲಿ ಕೋಲ್ಲೆ ಬಿತ್ತು. ಹೋದವರಲ್ಲಿ ಕೆಲವರು ಕುಂಟುತ್ತ ಬಂದರು. ಒಬ್ಬ, ಗೋಡೆ ಕುಸಿದ ಹಿಂದಿನ ದಿನ ನೋಫ್ರಿಯನ್ನು ನೋಡಿದೆ ಎಂದ. ಇನ್ನೊಬ್ಬ, ಸೆರೆಸಿಕ್ಕವರನ್ನು ಹಡಗಿನ ಹುಟ್ಟು ಹಾಕಲು ದಕ್ಷಿಣಕ್ಕೆ ಸಾಗಿಸಿದರಂತೆ ಎಂದ. ಅದೇ ವರ್ಷ ಪ್ಲೇಗು ಬೇರೆ. ಜನೋಬಿ ಮೇಸ್ತ್ರಿ ಸತ್ತ. ಕಾರ್ಖಾನೆಯ ಹಾಸಿಗೆ, ಬಟ್ಟೆ, ಕಾಗದ ಎಲ್ಲವನ್ನೂ ಬೀದಿಗೆ ಎಳೆದು ಸುಟ್ಟರು. ನೆಂಚಾ ಚುಚ್ಚಿದ ಕಾಗದಗಳೂ ಆ ರಾಶಿಯಲ್ಲೇ ಹೋದವು. ನೋಫ್ರಿಯ ಗುರುತು ಎಂದು ಉಳಿದಿದ್ದು ಕೋರ್ಬೆಲ್ಲಿಯವರ ಗೋಡೆಯೊಂದೇ.

ಹೀಗೆ ಆರು ವರ್ಷ. ನೆಂಚಾ ವಿಧವೆಯ ಕಪ್ಪು ಉಡಲಿಲ್ಲ. ಹೋದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಕೊನೆಯುಸಿರಿನಲ್ಲಿ ನನ್ನ ಕೈ ಹಿಡಿದು, “ನನ್ನ ಮಗನ ಹೆಸರಲ್ಲಿ ಒಂದು ಪೂಜೆ ಮಾಡ್ಸಿ. ಅವನು ಎಲ್ಲಿದಾನೋ ಏನೋ, ದಾರಿ ಸಿಗದೆ ಅಲೀತಿರ್ತಾನೆ” ಎಂದಳು. ಸತ್ತವರ ಪೂಜೆ ಮಾಡಿಸಬೇಕಾದರೆ ಸತ್ತ ಎಂದು ಹೆಂಡತಿ ಒಪ್ಪಬೇಕು. ಪಾದ್ರಿಯೂ ಹೇಳಿದ, ನಾನೂ ಹೇಳಿದೆ, ನೆಂಚಾ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಒಂದು ಭಾನುವಾರ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವಾಗ ನನಗೆ ರೇಗಿಹೋಯಿತು.

“ನಿಂಗೇನು ಮೊಂಡುತನ? ಅವ್ವನ ಆತ್ಮಕ್ಕೆ ಸಮಾಧಾನ ಬೇಡವೇನೇ?”

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಕೂತಳು. “ಅತ್ತಿಗೆ, ಬೈಬೇಡಿ. ನಂಗೆ ಅವರ ಮುಖ ನೆನಪಿಗೆ ಬರ್ತಿಲ್ಲ.”

“ಏನಂದೆ?”

“ಎರಡನೇ ವರ್ಷಕ್ಕೇ ಹೋಯ್ತು. ಧ್ವನಿ ನೆನಪಿದೆ. ಮೈಮೇಲಿನ ಉಣ್ಣೆ ಎಣ್ಣೆ ವಾಸನೆ ನೆನಪಿದೆ. ಮುಖ ಅಂದ್ರೆ ಬರೀ ಮಬ್ಬು. ಪಾದ್ರಿಗಳು ಹೆಸರು ಹೇಳಿದಾಗ ನಾನು ಕಣ್ಣು ಮುಚ್ಚಿ ಯಾರನ್ನ ಬೀಳ್ಕೊಡ್ಲಿ? ಗುರುತೇ ಇಲ್ದೋನನ್ನಾ?” ಬಟ್ಟೆಯನ್ನು ಕಲ್ಲಿನ ಮೇಲಿಟ್ಟಳು. “ಒಂದೇ ಒಂದು ಸಲ ಆ ಚಿತ್ರ ನೋಡಿದ್ರೆ ಸಾಕು. ಮುಖ ಸಿಕ್ಕಿದ ದಿನಾನೇ ಪೂಜೆ ಮಾಡ್ಸೋಣ. ಆಣೆ.”

ನಾನು ಮೆತ್ತಗಾಗಬೇಕಿತ್ತು. ನನ್ನ ಬಾಯಿ ಅಂಥದ್ದಲ್ಲ. “ಕಟ್ಕೊಂಡ ಗಂಡನ ಮುಖ ಮರೀತಾರೇನೇ ಯಾರಾದ್ರೂ? ನಾನು ಸೊಂಟದ ಮೇಲೆ ಹೊತ್ತು ಸಾಕಿದೀನಿ ಅವನ್ನ. ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ” ಎಂದೆ. ಅವಳು ನನ್ನ ಮುಖವನ್ನೇ ಹುಡುಕುವವಳಂತೆ ನೋಡಿದಳು. ಪ್ರಯೋಜನವಿರಲಿಲ್ಲ. ನಾನು ಅಪ್ಪನ ಕಡೆಯ ಅಚ್ಚು, ನೋಫ್ರಿ ಅವ್ವನ ಕಡೆಯವನು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ಮನೆಯವರು ಎನ್ನುವ ಹಾಗಿರಲಿಲ್ಲ.

ನಾನು ಬಾಣಂತನ ಮಾಡುವವಳು. ಹೆರಿಗೆ ಮಾಡಿಸಿ ಸೂಲಗಿತ್ತಿ ಹೊರಟುಹೋದ ಮೇಲೆ ಬಾಣಂತಿಯನ್ನೂ ಕೂಸನ್ನೂ ತಿಂಗಳುಗಟ್ಟಲೆ ನೋಡಿಕೊಳ್ಳುವುದು ನನ್ನ ಕಸುಬು. ಈಸ್ಟರ್ ಕಳೆದ ವಾರ ಕೋರ್ಬೆಲ್ಲಿಯವರ ಮನೆಯಿಂದ ಕರೆ ಬಂತು. ಸೊಸೆ ದಿಯನೋರಾಳಿಗೆ ಮೂರನೇ ಹೆರಿಗೆ, ಅವರ ಮನೆಗೆ ಯಾವಾಗಲೂ ಬರುತ್ತಿದ್ದ ಮುದುಕಿ ಮಂಡಿ ನೋವಿನಿಂದ ಮಲಗಿದ್ದಳಂತೆ. ಸುದ್ದಿ ಕೇಳಿ ನೆಂಚಾ ಅಡುಗೆಮನೆಯಲ್ಲೇ ನನ್ನನ್ನು ತಬ್ಬಿಕೊಂಡಳು. ಎಂಟು ವರ್ಷದಲ್ಲಿ ಅವಳು ನನ್ನನ್ನು ತಬ್ಬಿಕೊಂಡಿದ್ದು ಅದೇ ಮೊದಲು.

“ಅತ್ತಿಗೆ, ನೀವು ಮೊದ್ಲು ನೋಡಿ. ಚೆನ್ನಾಗಿದಾರಾ ಅಂತ ಬಂದು ಹೇಳಿ. ಆಮೇಲೆ ಹೇಗಾದ್ರೂ ನನ್ನ ಒಳಗೆ ಕರ್ಕೊಂಡು ಹೋಗಿ.”

“ಸಾಹುಕಾರರ ಬಾಣಂತಿ ಕೋಣೇನಾ ಸಂತೆನಾ, ಕಂಡೋರನ್ನೆಲ್ಲ ನುಗ್ಗಿಸೋಕೆ?” ಎಂದು ಗದರಿಸಿ ಹೋದೆ. ಅವನನ್ನು ನೋಡುವ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೆಣ್ಣುಕೂಸು. ದಿಯನೋರಾ ಅಮ್ಮಾವ್ರು ಸುಸ್ತಾಗಿ ಮಲಗಿದ್ದರು. ಬಿಸಿನೀರಿನ ಬೋಗುಣಿ ಹಿಡಿದು ತಿರುಗಿದಾಗ, ಮಂಚದ ಎದುರಿನ ಗೋಡೆಯಲ್ಲಿ, ಕೂರುವ ಮರದ ಪೆಟ್ಟಿಗೆಯ ಮೇಲುಗಡೆ, ಚಿತ್ರ ಕಂಡಿತು. ಮೊದಲು ಕಣ್ಣಿಗೆ ಬಿದ್ದಿದ್ದು ಪಾದ. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಮಗುವಾಗಿದ್ದಾಗ ಎಷ್ಟು ಸಲ ಆ ಬೆರಳನ್ನು ಬಿಡಿಸಿ ಸರಿಮಾಡಿದ್ದೇನೋ ಲೆಕ್ಕವಿಲ್ಲ. ಅಲ್ಲಿಂದ ಕಣ್ಣು ಮೇಲೆ ಹೋಯಿತು. ಮಂಡಿ, ಪಕ್ಕೆ, ನೆಲಕ್ಕೆ ಜೋತ ಕೈ. ಬದಿಯಲ್ಲಿ ಉಕ್ಕಿನ ಟೊಪ್ಪಿಗೆಯೊಳಗೆ ಎರಡು ಪಾರಿವಾಳ ಗೂಡು ಕಟ್ಟಿದ್ದವು. ವೀನಸ್ ಅನ್ನುವವಳು ಬಿಳಿ ಬಟ್ಟೆಯುಟ್ಟು ಅವನನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಮುಖ.

ಮುಖ ನೋಫ್ರಿಯದಾಗಿರಲಿಲ್ಲ. ಹಾಗೆಂದುಕೊಂಡೆ, ಮರುಕ್ಷಣವೇ ಸಂಶಯ ಬಂತು. ಆರು ವರ್ಷವಾಯಿತು. ಹೀಗೇ ಇದ್ದನೋ ಏನೋ? ಮೂಗು ಇಷ್ಟು ನೀಟಾಗಿತ್ತೆ? ಗಲ್ಲ? ನನ್ನ ತಲೆಯೊಳಗಿನ ತಮ್ಮನನ್ನು ಕರೆದು ಪಕ್ಕದಲ್ಲಿ ನಿಲ್ಲಿಸೋಣವೆಂದು ಕಣ್ಣು ಮುಚ್ಚಿದೆ. ಯಾರೂ ಬರಲಿಲ್ಲ. ನೀರು ಆರುತ್ತಿತ್ತು. ಆಗ ಬಾಗಿಲು ತೆರೆದು ಅದೇ ಮುಖ, ಗೋಡೆಯ ಮೇಲಿದ್ದ ಅದೇ ಮುಖ, ಕೋಣೆಯೊಳಗೆ ನಡೆದುಬಂತು. ನಾನು “ಅಯ್ಯೋ ದೇವರೇ!” ಎಂದು ಬೋಗುಣಿಯನ್ನು ಕೆಳಗೆ ಹಾಕಿದೆ. ಅಮ್ಮಾವ್ರ ಗಂಡ ವಿಯೇರಿ ಗಾಬರಿಯಾಗಿ ಹೆಂಡತಿಗೆ ಏನಾಯಿತೆಂದು ಓಡಿಬಂದ.

ಆ ಸಂಜೆ ನೆಂಚಾ ಬಾಗಿಲಲ್ಲೇ ಕಾಯುತ್ತಿದ್ದಳು. “ನೋಡಿದ್ರಾ?”

“ಇಲ್ಲ ಕಣೇ. ಗಾಳಿ ತಾಗದಿರ್ಲಿ ಅಂತ ಗೋಡೆಗೆಲ್ಲ ಕಂಬಳಿ ಕಟ್ಟಿದಾರೆ.”

ಎಂಟು ದಿನ ಇದೇ ಕಂಬಳಿಯ ಸುಳ್ಳು. ಆರು ವರ್ಷ ಅವಳು ಪರಗಂಡಸಿನ ಮುಖಕ್ಕೆ ತಲೆ ಬಾಗಿದ್ದಾಳೆ ಎಂದು ಯಾವ ಬಾಯಿಂದ ಹೇಳಲಿ? ಆ ಮುಖ ಸಿಗುತ್ತದೆ ಎನ್ನುವುದೊಂದೇ ಅವಳನ್ನು ನಿಲ್ಲಿಸಿತ್ತು. ಅದೂ ಇಲ್ಲವೆಂದು ತಿಳಿದರೆ ಈ ಹುಡುಗಿ ಏನು ಮಾಡಿಕೊಳ್ಳುತ್ತಾಳೋ ಎಂದು ನನಗೆ ಊಟ ಸೇರಲಿಲ್ಲ. ಅವಳು ಮಾತ್ರ ದಿನದಿಂದ ದಿನಕ್ಕೆ ಗೆಲುವಾಗುತ್ತಿದ್ದಳು. ತಲೆಗೂದಲು ತೊಳೆದುಕೊಂಡಳು. ಕೂಸಿಗೆ ಸುತ್ತುವ ಪಟ್ಟಿಯೊಂದಕ್ಕೆ ದಾಳಿಂಬೆ ಹೂವಿನ ಕಸೂತಿ ಹಾಕತೊಡಗಿದಳು.

ಒಂಬತ್ತನೇ ದಿನ ಬಾಣಂತಿಯನ್ನು ನೋಡಲು ನೆಂಟರ ಹೆಂಗಸರು ಬಂದರು. ಸೋಂಪಿನ ಮಿಠಾಯಿ, ಸಿಹಿ ದ್ರಾಕ್ಷಾರಸ, ಕೂಸಿನ ಮೂಗು ಯಾರದು ಎಂಬ ಜಗಳ, ಎಲ್ಲ ಮುಗಿಸಿಕೊಂಡು ಮಧ್ಯಾಹ್ನಕ್ಕೆ ಹೊರಟುಹೋದರು. ನಾನು ತಟ್ಟೆ ಎತ್ತಿಡುತ್ತಿದ್ದೆ. ಅಡುಗೆಯವಳು ಬಾಗಿಲಲ್ಲಿ ತಲೆ ಹಾಕಿ, “ಕಸೂತಿಯವಳು ಬಂದಿದಾಳೆ ಅಮ್ಮಾವ್ರೇ, ಕೂಸಿಗೆ ಪಟ್ಟಿ ತಂದಿದಾಳೆ” ಎಂದಳು. ನಾನು ಬೇಡ ಎನ್ನುವಷ್ಟರಲ್ಲಿ ದಿಯನೋರಾ ಅಮ್ಮಾವ್ರು, “ಬರಲಿ, ಬರಲಿ” ಎಂದರು.

ನೆಂಚಾ ಒಳಗೆ ಬಂದು ಪಟ್ಟಿಯನ್ನು ಅಮ್ಮಾವ್ರ ಕೈಗಿಟ್ಟಳು. ಗೋಡೆಯ ಕಡೆ ತಿರುಗುವ ಮೊದಲು ಒಂದು ಸಲ ನನ್ನನ್ನು ನೋಡಿದಳು. ಕಂಬಳಿ ಇಲ್ಲ ಎಂಬುದು ಅವಳಿಗೆ ಆಗಲೇ ಕಂಡಿತ್ತು. ಆಮೇಲೆ ತಿರುಗಿದಳು. ಅವಳ ಕಣ್ಣೂ ಪಾದದಿಂದಲೇ ಶುರುವಾಯಿತು. ತುಟಿ ನಗಲು ಹೊರಟಿತು. ಮೆಲ್ಲಗೆ ಮೇಲೆ ಹೋಗುತ್ತ ಹೋಗುತ್ತ, ಮುಖಕ್ಕೆ ಬಂದು ನಿಂತಳು.

“ಇದ್ಯಾರು?” ಎಂದಳು.

“ನಮ್ಮೆಜಮಾನರು” ಎಂದರು ಅಮ್ಮಾವ್ರು ನಗುತ್ತ. “ಮೇಸ್ತ್ರಿ ಮೊದಲು ಯಾರದೋ ಮುಖ ಬರೆದಿದ್ದನಂತೆ. ನಮ್ಮ ಮಾವನವರು ಒಪ್ಪಲಿಲ್ಲ. ಸೊಸೆ ಕೋಣೆಯಲ್ಲಿ ಪರಗಂಡಸಿನ ಮುಖ ಇದ್ದರೆ ಹುಟ್ಟೋ ಮಕ್ಕಳೆಲ್ಲ ಆ ಮುಖಾನೇ ಹೊತ್ಕೊಂಡು ಬರ್ತವೆ ಅಂತ. ಕೊನೇಲಿ, ಚಿತ್ರ ಇಲ್ಲಿ ಕೂರಿಸಿದ ಮೇಲೆ, ಬದಲಾಯಿಸಿದರಂತೆ.”

ನಾನು ಪಟ್ಟನೆ ಮುಂದೆ ಬಂದು ನೆಂಚಾಳ ಭುಜ ಹಿಡಿದೆ. “ನಡಿಯೇ, ಅಮ್ಮಾವ್ರಿಗೆ ಸುಸ್ತಾಗಿದೆ.” ಅವಳು ನನ್ನ ಕೈಯನ್ನು ಕೊಡವಿಬಿಟ್ಟಳು.

“ಅಲ್ಲ. ಇದು ತಪ್ಪು” ಎಂದಳು. ಅಳಲಿಲ್ಲ ಅವಳು. ಸಿಟ್ಟು! ಮಠದಲ್ಲಿ ಯಾರಾದರೂ ಅವಳ ಕಸೂತಿಯಲ್ಲಿ ಕೈಯಾಡಿಸಿ ಕೆಡಿಸಿದಾಗ ಬರುತ್ತಿದ್ದ ಸಿಟ್ಟು. ಗೋಡೆಯ ಹತ್ತಿರ ಹೋಗಿ ಪೆಟ್ಟಿಗೆಯ ಮೇಲೆ ಮಂಡಿಯೂರಿ ಬೆರಳು ಎತ್ತಿದಳು. “ಈ ಮೂಗು ಹೀಗಲ್ಲ. ಇಲ್ಲಿಂದ ಎಡಕ್ಕೆ ತಿರುಗಬೇಕು. ಇಲ್ಲಿ, ಈ ಗೆಣ್ಣಿನ ಹತ್ರ. ಹುಬ್ಬು ಯಾಕೆ ಬೇರೆ ಬೇರೆ ಇದೆ? ಮಧ್ಯದಲ್ಲಿ ಕೂಡ್ಕೊಂಡಿತ್ತು, ನಾಲ್ಕೇ ನಾಲ್ಕು ಕೂದಲು, ನಾನು ಒಂದೊಂದನ್ನೂ ಚುಚ್ಚಿದೀನಿ. ಕಣ್ಣು ಇಷ್ಟು ಬಿಗಿಯಾಗಿ ಮುಚ್ತಿರ್ಲಿಲ್ಲ. ನಿದ್ದೇಲೂ ಒಂಚೂರು ಬಿಳಿ ಕಾಣ್ತಿತ್ತು, ನಂಗೆ ಹೆದರಿಕೆ ಆಗ್ತಿತ್ತು. ಹಣೆ ಇಷ್ಟು ಅಗಲ ಇಲ್ಲ. ಬಾಯಿ...” ಅವಳ ಬೆರಳು ಆ ಬಣ್ಣದ ತುಟಿಯ ಮೇಲೆ, ಮುಟ್ಟದೆ, ನಿಂತಿತು. “ಬಾಯಿ ಹೀಗೇ ತೆರೆದಿತ್ತು, ಸರಿ. ಆದರೆ ಮೇಲ್ದುಟಿ ಬಲಗಡೆ ಸುಟ್ಟ ಕಲೆ ಇತ್ತು. ಬೇಳೆಯಷ್ಟು. ಅಲ್ಲಿ ಮೀಸೆ ಬರ್ತಿರ್ಲಿಲ್ಲ.”

ಅಷ್ಟು ಹೇಳಿ ಗಕ್ಕನೆ ನಿಂತಳು. ತಿರುಗಿ ನನ್ನನ್ನು ನೋಡಿದಳು. ಅವಳ ಕಣ್ಣು ದೊಡ್ಡದಾಗಿತ್ತು.

“ಅತ್ತಿಗೆ” ಎಂದಳು. “ಅತ್ತಿಗೆ, ಬಂತು. ಮುಖ ಬಂತು.”

ನಾನು ಮಂಚದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಸುಟ್ಟ ಕಲೆ. ಅವನಿಗೆ ಮೂರು ವರ್ಷ, ನನಗೆ ಒಂಬತ್ತು. ಒಲೆಯಲ್ಲಿ ಸುಡುತ್ತಿದ್ದ ಚೆಸ್ಟ್‌ನಟ್ ಆರಿದೆಯೋ ಇಲ್ಲವೋ ನೋಡದೆ ಅವನ ಬಾಯಿಗಿಟ್ಟವಳು ನಾನೇ. ಅವನು ಕೂಗಿದ ಕೂಗಿಗೆ ಇಡೀ ಬೀದಿ ಬಂದಿತ್ತು. ಅವ್ವ ನನಗೆ ಹೊಡೆದಿದ್ದಳು. ನನ್ನ ಕೈಯಾರೆ ಮಾಡಿದ ಕಲೆಯನ್ನು ನಾನೇ ಮರೆತಿದ್ದೆ. ಹೊಳೆದಂಡೆಯಲ್ಲಿ ಕಣ್ಣಿಗೆ ಕಟ್ಟಿದ ಹಾಗಿದೆ ಎಂದು ಇವಳಿಗೆ ಬೈದಿದ್ದೆನಲ್ಲ, ಆ ಹೊತ್ತಿಗೆ ನನ್ನೊಳಗೂ ಬರೀ ಮಬ್ಬೇ ಇತ್ತು. ಈಗ ಅವನು ನನ್ನೆದುರಿಗೇ ಇದ್ದ. ವಕ್ರ ಮೂಗು, ಕೂಡುಹುಬ್ಬು, ಕಳ್ಳನಗು, ಎಲ್ಲವೂ. ನನ್ನ ತಮ್ಮ.

ಅಮ್ಮಾವ್ರು ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ವಿಷಯ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. “ಹಾಗಾದರೆ ಮೈ ನಿನ್ನ ಗಂಡನದಾ?” ಎಂದು ಮೆಲ್ಲಗೆ ಕೇಳಿದರು.

ನೆಂಚಾ ಪೆಟ್ಟಿಗೆಯಿಂದ ಇಳಿದು ತಲೆ ತಗ್ಗಿಸಿದಳು. “ಹೂಂ ಅಮ್ಮಾವ್ರೇ. ಉಣ್ಣೆ ಬಾಚೋರು. ಕ್ಷಮಿಸಿಬಿಡಿ, ಏನೇನೋ ಅಂದೆ.”

“ನಾನೂ ಅಂದ್ಕೊಂಡಿದ್ದೆ” ಎಂದರು ಅಮ್ಮಾವ್ರು. “ನಮ್ಮೆಜಮಾನರ ಎದೆ ಹೀಗಿಲ್ಲ ಬಿಡು.” ನನಗೆ ಕಣ್ಣೀರಿನ ನಡುವೆಯೂ ನಗು ತಡೆಯಲಾಗಲಿಲ್ಲ, ಅವರಿಗೂ ನಗು ಬಂತು. ಆಮೇಲೆ ಗೋಡೆ ನೋಡುತ್ತ ಹೇಳಿದರು, “ಅವರು ನಿದ್ದೆ ಮಾಡೋದೂ ಹೀಗಲ್ಲ. ನನಗೆ ಬೆನ್ನು ಹಾಕಿ, ಮುಷ್ಟಿ ಬಿಗಿ ಹಿಡ್ಕೊಂಡು ಮಲಗ್ತಾರೆ. ಮದುವೆಯಾದಾಗಿಂದ ನಾನು ಈ ನಿದ್ದೆ ನೋಡ್ತಾನೇ ಇದೀನಿ. ಇಷ್ಟು ನಂಬಿಕೆಯಿಂದ ಯಾರು ಮಲಗ್ತಾರೆ, ಯಾರ ಹತ್ರ ಮಲಗ್ತಾರೆ ಅಂತ. ನಿನ್ನ ಹತ್ರಾನಾ?”

ನೆಂಚಾ ಹೂಂ ಎಂದು ತಲೆಯಾಡಿಸಿದಳು. ಅವಳ ಕಣ್ಣಿಂದ ಈಗ ನೀರು ಸುರಿಯತೊಡಗಿತು. ಅಮ್ಮಾವ್ರು ಕೂಸಿನ ಬಟ್ಟೆ ಸಡಿಲಿಸಿ, “ಇಲ್ಲಿ ಬಾ, ನೋಡು” ಎಂದರು. ಕೂಸಿನ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು. “ನಮ್ಮ ಮಾವನವರು ಮುಖ ಒಂದನ್ನೇ ಬದಲಾಯಿಸಿದ್ದು.” ನಾನು ನೂರಾರು ಕೂಸುಗಳ ಕಾಲು ತೊಳೆದಿದ್ದೇನೆ, ಒಂಬತ್ತು ದಿನದ ಕೂಸುಗಳ ಬೆರಳು ಹಾಗೆಲ್ಲ ಹತ್ತುತ್ತವೆ, ಇಳಿಯುತ್ತವೆ. ಆದರೂ ನಾನು ಬಾಯಿ ಬಿಡಲಿಲ್ಲ. ನೆಂಚಾ ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಸಂಜೆ ಇಬ್ಬರೂ ಒಟ್ಟಿಗೇ ಮನೆಗೆ ಹೊರಟೆವು. ಸೇತುವೆಯ ಮೇಲೆ ಮಾಂಸದ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಕಂಬಳಿಯ ಸುಳ್ಳಿಗೆ ಅವಳು ನನ್ನನ್ನು ಏನೂ ಅನ್ನಲಿಲ್ಲ. ಮುಖ ಊದಿಕೊಂಡ ಹಾಗಿತ್ತು, ಆದರೆ ನಡಿಗೆ ಹಗುರಾಗಿತ್ತು. ಸೇತುವೆಯ ನಡುವೆ ನಿಂತು ನನ್ನ ಕೈ ಹಿಡಿದಳು.

“ಅತ್ತಿಗೆ, ಆಣೆ ಇಟ್ಟಿದ್ನಲ್ಲ. ಅತ್ತೆ ಆಸೆಯೂ ಅದೇ ಇತ್ತು. ನಾಳೆ ಬೆಳಿಗ್ಗೇನೇ ಪಾದ್ರಿಗಳಿಗೆ ಹೇಳ್ಬಿಡಿ. ಈಗ ನಾನು ಅವರನ್ನ ಕಳಿಸ್ಕೊಡಬಲ್ಲೆ.”

ಅವ್ವ ಹೋದಾಗಿನಿಂದ ಅವಳ ಬೆನ್ನು ಹತ್ತಿ, ಬೈದು, ಗೋಗರೆದು ನಾನು ಕೇಳಿದ್ದು ಈ ಒಂದು ಮಾತನ್ನೇ. ಹೂಂ ಎನ್ನಲು ಬಾಯಿ ತೆರೆದೆ. ನಾನು ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ.

“ನಾಳೆ ಬೇಡ ಕಣೇ” ಎಂದೆ. “ಈಗ ತಾನೇ ಬಂದಿದಾನೆ. ನಾಲ್ಕು ದಿನ ಇರ್ಲಿ.”